ಬೆಳೆಯೋ, ಬೆಲೆಯೋ? ಮೋಡೆಮ್ ತೋರಿಸುವ ಅಕ್ಷರಗಳ ಲೆಕ್ಕ

ಊರಿನಿಂದ ತಂದೆ, ತೊಗರಿಯ ಬೆಳೆ ಚೆನ್ನಾಗಿದೆಯೆಂದು ಮಗನಿಗೆ ರೋಮನ್ ಲಿಪಿಯಲ್ಲಿ ಕಿರುಸಂದೇಶ ಕಳುಹಿಸಿದರೆಂದು ಭಾವಿಸೋಣ. ಮಗ ಅದನ್ನು ‘ಬೆಲೆ ಚೆನ್ನಾಗಿದೆ’ ಎಂದು ಓದಿಕೊಳ್ಳಬಹುದು. ವಾಡಿಕೆಯ ರೋಮನ್ ಬರಹದಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ. ಹಳ್ಳಿಯೂ ಹಲ್ಲಿಯೂ ಒಂದೇ. ಆದರೂ ಕನ್ನಡದಲ್ಲಿ ಬರೆದರೆ ಸಂದೇಶದಲ್ಲಿ ಹೆಚ್ಚು ಜಾಗ ಬೇಕೆಂಬ ಮಾತು ಕೇಳಿಬರುತ್ತದೆ. ಆ ಮಾತಿನ ನಿಜವನ್ನು ಯುಎಸ್‌ಬಿ ಮೋಡೆಮ್ ಒಂದರಿಂದ ಸ್ವತಃ ಪರೀಕ್ಷಿಸಬಹುದು.

ಎಟಿ ಆಜ್ಞೆಗಳಿಗೆ ಓಗೊಡುವ ಮೋಡೆಮ್‌ಗೆ ತನ್ನದೇ ಸಿಮ್ ಹಾಕಿ ಗಣಕಕ್ಕೆ ಜೋಡಿಸಿ, ಪುಟ್ಟಿ ಅಥವಾ ಮಿನಿಕಾಮ್‌ನಂಥ ತಂತ್ರಾಂಶದಲ್ಲಿ ಅದರ ಸರಣಿ ದ್ವಾರವನ್ನು ತೆರೆಯಬೇಕು. ‘ಎಟಿ’ ಎಂದು ಬರೆದರೆ ‘ಓಕೆ’ ಎಂಬ ಉತ್ತರ ಬರುತ್ತದೆ. ಅಟೆನ್ಷನ್, ಅಂದರೆ ‘ಗಮನಿಸು’ ಎಂಬುದರ ಹ್ರಸ್ವರೂಪವಿದು. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಿಂದ ಬಳಕೆಗೆ ಬಂದ ಪದ್ಧತಿ. ‘ಎಟಿ+ಸಿಎಸ್‌ಕ್ಯೂ’ ಎಂದರೆ ಸಂಕೇತದ ಬಲ 0ಯಿಂದ 31ರವರೆಗಿನ ಅಂಕಿಯಾಗಿ ಬರುತ್ತದೆ. ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು, 99 ಎಂದರೆ ತಿಳಿಯದು. ‘ಎಟಿ+ಸಿಒಪಿಎಸ್=?’ ಎಂದರೆ ಸುತ್ತಲಿನ ಜಾಲಗಳ ಪಟ್ಟಿ ದೊರೆಯುತ್ತದೆ. ಅದರಲ್ಲಿ 404 ಅಥವಾ 405 ಭಾರತದ ಗುರುತು. ಮುಂದಿನ ಅಂಕಿ ಸಂಸ್ಥೆಯನ್ನೂ ವಲಯವನ್ನೂ ಹೇಳುತ್ತದೆ. ಬಿಎಸ್‌ಎನ್‌ಎಲ್‌ನ ಮಹಾರಾಷ್ಟ್ರ ವಲಯಕ್ಕೆ 66, ಕರ್ನಾಟಕ ವಲಯಕ್ಕೆ 71. ಅಕ್ಕಲಕೋಟೆ, ಜತ್ತಗಳಂಥ ಗಡಿ ತಾಲೂಕುಗಳಲ್ಲಿ ಎರಡೂ ಒಟ್ಟಿಗೆ ಕಾಣಬಹುದು. ರೇಡಿಯೊ ತರಂಗಕ್ಕೆ ರಾಜ್ಯದ ಗಡಿ ತಿಳಿಯದು.

ಇನ್ನು ಅಕ್ಷರದ ಮಾತು. ಒಂದು ಕಿರುಸಂದೇಶದ ಪಾತ್ರೆ 140 ಬೈಟ್, ಎಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು. ಆದ್ದರಿಂದ 160 ಅಕ್ಷರ ಹಿಡಿಯುತ್ತವೆ. ಕನ್ನಡಕ್ಕೆ ಸಾಮಾನ್ಯವಾಗಿ ಬಳಸುವ ಯುಸಿಎಸ್-2 ಕ್ರಮದಲ್ಲಿ ಪ್ರತಿ ಸಂಕೇತಕ್ಕೂ 16 ಬಿಟ್. ಆದ್ದರಿಂದ 70 ಮಾತ್ರ. ಮರಾಠಿಗೂ ಇದೇ ಅಳತೆ. 160 ಅಕ್ಷರಗಳ ಇಂಗ್ಲಿಷ್ ಸಂದೇಶದಲ್ಲಿ ಒಂದಕ್ಷರದ ಬದಲು ‘ಕ’ ಬರೆದರೂ ಇಡೀ ಸಂದೇಶ 16 ಬಿಟ್‌ಗೆ ತಿರುಗಿ ಮೂರು ತುಂಡಾಗುತ್ತದೆ. ಜೋಡಣೆಯ ಮಾಹಿತಿಗೂ ಸ್ಥಳ ಬೇಕಾದ್ದರಿಂದ ಒಂದೊಂದು ತುಂಡಿಗೆ 67 ಸಂಕೇತಗಳೇ ಮಿತಿ.

ಮೋಡೆಮ್‌ಗೆ ಬಂದ ‘ಕನ್ನಡ’ ಎಂಬ ಪದವನ್ನು ಯುಸಿಎಸ್-2 ರೂಪದಲ್ಲಿ ತೆರೆದರೆ ಹದಿನಾರರ ಎಣಿಕೆಯ ಸಾಲೊಂದು ಕಾಣುತ್ತದೆ. ದಶಮಾನಕ್ಕೆ ತಿರುಗಿಸಿದರೆ ಅದು 3221, 3240, 3277, 3240, 3233. ಇವು ಕ್ರಮವಾಗಿ ಕ, ನ, ವಿರಾಮ ಚಿಹ್ನೆ, ನ, ಡ. ಛಂದಸ್ಸಿನಲ್ಲಿ ಈ ಪದಕ್ಕೆ ಅಕ್ಷರ ಮೂರು. ಒತ್ತಕ್ಷರದ ಹಿಂದಿನ ‘ಕ’ ಗುರುವಾದ್ದರಿಂದ ಮಾತ್ರೆ ನಾಲ್ಕು. ಯಂತ್ರದ ಲೆಕ್ಕದಲ್ಲಿ ಸಂಕೇತ ಐದು. ಕಿವಿ ಒಂದು ಬಗೆಯಲ್ಲಿ ಎಣಿಸಿದರೆ ತಂತಿಯಿಲ್ಲದ ದಾರಿ ಇನ್ನೊಂದು ಬಗೆಯಲ್ಲಿ ಎಣಿಸುತ್ತದೆ.

ಹೀಗೆ ಜಾಗದ ಮಾತು ನಿಜವೇ. ಆದರೆ ಅದು ಲಿಪಿಯ ದೋಷವಲ್ಲ, 7 ಬಿಟ್‌ನ ಮೂಲ ಪಟ್ಟಿ ಕನ್ನಡವನ್ನು ಲೆಕ್ಕಕ್ಕೆ ಹಿಡಿಯದೆ ಸಿದ್ಧವಾದುದರ ಫಲ. ಮುಂದೆ ಇದೇ ಮಾನಕಕ್ಕೆ ಕನ್ನಡದ 7 ಬಿಟ್ ಪಟ್ಟಿಯೂ ಸೇರಿತು. ಆದರೆ ಕಳಿಸುವ ಮತ್ತು ಪಡೆಯುವ ಫೋನುಗಳೆರಡೂ ಅದನ್ನು ಬಲ್ಲವಾಗಿದ್ದರೆ ಮಾತ್ರ ಉಪಯೋಗ. ಅದಿಲ್ಲದಿದ್ದರೂ ‘ಬೆಳೆ’ಗೆ ಬೇಕಾದದ್ದು ನಾಲ್ಕೇ ಸಂಕೇತ: ಬ, ಎತ್ವ, ಳ, ಎತ್ವ. 70ರಲ್ಲಿ ಇನ್ನೂ 66 ಉಳಿಯುತ್ತವೆ. ಅರ್ಥ ಕೆಡದಿರಲು ಇದು ದುಬಾರಿಯಲ್ಲ.

ಅಭ್ಯಾಸ: ‘ಸೊಲ್ಲಾಪುರ’ ಪದದ ಅಕ್ಷರ, ಮಾತ್ರೆ, ಸಂಕೇತಗಳನ್ನು ಎಣಿಸಿರಿ. (ಉತ್ತರ: 4, 6, 9.) ಬಳಿಕ ತಮ್ಮ ಊರಿನ ಹೆಸರನ್ನು ಹೀಗೆಯೇ ಬಿಡಿಸಿ, ಮೋಡೆಮ್‌ನಲ್ಲಿ ತಾಳೆ ನೋಡಿರಿ.