ಲಾಕ್‌ಡೌನ್ ಕಾಲದ ಸಂಬಳವೂ ಬಾಡಿಗೆಯೂ



2020ರ ಮಾರ್ಚ್ 25ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಗೆ ಬಂದಾಗ ನಮ್ಮ ಹೈದರಾಬಾದಿನಲ್ಲಿಯೂ ಕಾರಖಾನೆ, ಅಂಗಡಿಗಳು ಮುಚ್ಚಿದುವು. ಮುಚ್ಚಿದ ದಿನಗಳಿಗೆ ಸಂಬಳ ಸಲ್ಲುವುದೆ? ಕೋಣೆಯ ಬಾಡಿಗೆ ಮನ್ನಾ ಆಯಿತೆ? ಇವೆರಡನ್ನೂ ಸರಿಯಾಗಿ ತಿಳಿದಿರುವುದು ಮುಂದಕ್ಕೂ ಒಳ್ಳೆಯದು.

ಸಂಬಳ: 2005ರ ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ಕೇಂದ್ರ ಗೃಹ ಖಾತೆಯು ಮಾರ್ಚ್ 29ರಂದು, ಮುಚ್ಚಿದ ಅವಧಿಗೂ ಕಡಿತವಿಲ್ಲದೆ ಸಂಬಳ ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ಮೇ 18ರಿಂದ ಆ ಆಜ್ಞೆ ರದ್ದಾಯಿತು. ನಡುವಿನವು 50 ದಿನಗಳು. ಈ ದಿನಗಳ ಬಗ್ಗೆ ಕೆಲವು ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಜೂನ್ 12ರಂದು, ಆಜ್ಞೆ ಸಿಂಧುವೋ ಅಲ್ಲವೋ ಎಂಬುದನ್ನು ತೀರ್ಮಾನಿಸದೆ, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಎರಡು ಪಕ್ಷದವರೂ ಕೂತು ಮಾತಾಡಿಕೊಳ್ಳಬೇಕು, ಬಗೆಹರಿಯದಿದ್ದರೆ ಕಾರ್ಮಿಕ ಖಾತೆಯ ಅಧಿಕಾರಿಗಳಲ್ಲಿಗೆ ಹೋಗಬೇಕು. ಮರಳಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಬಾಕಿ ಸಂಬಳದ ಹಕ್ಕು ಹೋಗದು ಎಂದೂ ಹೇಳಿತು.

ಬಾಡಿಗೆ: ಮಾರ್ಚ್ 29ರ ಆಜ್ಞೆಯಲ್ಲಿಯೇ, ಕೂಲಿಕಾರರಿಂದ ಒಂದು ತಿಂಗಳ ಬಾಡಿಗೆಯನ್ನು ಕೇಳಕೂಡದೆಂದಿತ್ತು. ತೆಲಂಗಾಣ ಸರ್ಕಾರವು ಏಪ್ರಿಲಿನಲ್ಲಿ, ಮಾರ್ಚಿನಿಂದ ಮೂರು ತಿಂಗಳ ಬಾಡಿಗೆಯನ್ನು ಮುಂದಕ್ಕೆ ಹಾಕಿ, ಆಮೇಲೆ ಬಡ್ಡಿಯಿಲ್ಲದೆ ಕಂತುಗಳಲ್ಲಿ ಪಡೆಯಬೇಕೆಂದು ಆಜ್ಞೆ ಮಾಡಿತು. ಮುಂದಕ್ಕೆ ಹಾಕಿದ್ದು ಮನ್ನಾ ಮಾಡಿದಂತಲ್ಲ. ಇದನ್ನು ಮರೆತವರಿಗೆ ಮೂರು ತಿಂಗಳ ಬಾಕಿ ಒಟ್ಟಿಗೆ ಹೊರೆಯಾಯಿತು.

ಮಾತುಕತೆಗೆ ಕೂತಾಗ ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. ಸಂಬಳದ ಚೀಟಿ, ಹಾಜರಿಯ ಗುರುತು, ಬಾಡಿಗೆಯ ರಸೀತಿ, ಈ ಮೂರನ್ನೂ ತಿಂಗಳು ತಿಂಗಳೂ ಜೋಪಾನವಾಗಿಡಿ. ಓದಲು ಬಾರದ ನೆರೆಯವರ ಕಾಗದಗಳನ್ನೂ ಒಮ್ಮೆ ನೋಡಿಕೊಡಿ.