ಅತ್ತೆ ಹೇಳುವಂತೆ ನನ್ನ ತೂಕವೇ ಕಾರಣವೇ?

ಪ್ರಶ್ನೆ: ಕಳೆದ ವರ್ಷ ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಬಿಪಿ ಏರಿತ್ತು ಎಂದರು ಡಾಕ್ಟರು. ‘ನಿನ್ನ ಮೈಯೇ ಮಗುವನ್ನು ನುಂಗಿತು’ ಎನ್ನುತ್ತಾರೆ ಅತ್ತೆ. ಈಗ ಮತ್ತೆ 11 ವಾರ. ತೂಕ 84 ಕೆ.ಜಿ. ರಾತ್ರಿ ಊಟ ಬಿಟ್ಟಿದ್ದೇನೆ. ಹಿಂದೆ ಕೊಟ್ಟ ಬಿಪಿ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದೇನೆ. ತುಂಬಾ ಭಯ.
– ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ಇವತ್ತು ರಾತ್ರಿ ಊಟ ಮಾಡಿ, ತಾಯಿ. ಬಸುರಿನಲ್ಲಿ ತೂಕ ಇಳಿಸಲು ಹೊರಡಬಾರದು. ಎಷ್ಟು ಏರಬಹುದು ಎಂದು ಡಾಕ್ಟರನ್ನು ಕೇಳಿದರೆ ಸಾಕು.

ನೀವು ಮಗುವನ್ನು ಕೊಂದಿಲ್ಲ. ಮಗುವಿಗೆ ಅನ್ನ, ಉಸಿರು ಎರಡೂ ಬರುವುದು ಮಾಸಿನಿಂದ, ನಮ್ಮ ಕಡೆ ಕಸ ಅನ್ನುತ್ತೇವಲ್ಲ, ಅದರಿಂದ. ಅದರ ರಕ್ತನಾಳ ಸರಿಯಾಗಿ ಬೆಳೆಯದಿದ್ದರೆ ತಾಯಿಗೆ ಬಿಪಿ ಏರುತ್ತದೆ, ಮಗು ಸೊರಗುತ್ತದೆ. ತೂಕ ಹೆಚ್ಚಿದ್ದವರಿಗೆ ಈ ಅಪಾಯ ಹೆಚ್ಚು, ನಿಜ. ಆದರೆ ಕಡ್ಡಿಯಂತಿರುವವರಿಗೂ ಇದು ಬರುತ್ತದೆ, ದಪ್ಪಗಿರುವ ಬಹುಪಾಲು ತಾಯಂದಿರ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ.

ನಾಳೆಯೇ ಮಾತ್ರೆಯ ಪಟ್ಟಿ ಹಿಡಿದು ಹೆರಿಗೆ ಡಾಕ್ಟರ ಬಳಿ ಹೋಗಿ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಬಸುರಿಯರಿಗೆ ಸಲ್ಲ. ಬದಲಿಗೆ ಲ್ಯಾಬೆಟಲಾಲ್, ನಿಫೆಡಿಪಿನ್‌ನಂಥವು ಇವೆ. ನೀವಾಗಿಯೇ ನಿಲ್ಲಿಸಿ ಬಿಪಿ ಏರಿಸಿಕೊಳ್ಳಬೇಡಿ. ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದೂ ಕೇಳಿ. ಅದನ್ನು 12ರಿಂದ 16 ವಾರದೊಳಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ; ನಿಮಗೆ ಸಮಯ ಸರಿಯಾಗಿದೆ.

ಬಿಪಿ ನೋಡುವಾಗ ತೋಳಿನ ಪಟ್ಟಿ ಗಮನಿಸಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಪರ್ರೆಂದು ಬಿಚ್ಚಿಕೊಂಡರೆ ‘ದೊಡ್ಡದು ಕಟ್ಟಿ ಸಿಸ್ಟರ್’ ಎನ್ನಿ, ನಾಚಿಕೆ ಬೇಡ. 140/90 ಮುಟ್ಟಿದರೆ ಡಾಕ್ಟರಿಗೆ ತಿಳಿಸಿ. 160/110 ಆದರೆ ಕೂಡಲೇ ಆಸ್ಪತ್ರೆಗೆ ಓಡಿ. ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಏಕಾಏಕಿ ಮುಖ ಊದುವುದು, ಇವುಗಳಲ್ಲಿ ಒಂದು ಕಂಡರೂ ಹಾಗೆಯೇ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆ ಉಚಿತ; ತಾಯಿ ಕಾರ್ಡ್ ಮರೆಯಬೇಡಿ.

‘ದಿನ ತುಂಬಿದರೆ ಮಗು ಅಲುಗೋದು ಕಡಿಮೆ’ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಅಲುಗಾಟ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಹೊರಡಿ.

ನಾಳೆ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ. ಮೊಮ್ಮಗು ಕಳೆದುಕೊಂಡ ಸಂಕಟ ಅವರಿಗೂ ಇದೆ. ಏನಾಗಿತ್ತೆಂದು ಡಾಕ್ಟರ ಬಾಯಿಂದಲೇ ಕೇಳಲಿ.