ಗಿಡ್ಡ ಚಡ್ಡಿ ಉದ್ದ ಆದದ್ದು

ಪ್ರಶ್ನೆ: ನಮ್ಮ ಕಡೆ ಬಾವಿಗೆ, ವರದಾ ಹೊಳೆಗೆ ಇಳಿಯುವುದು ಒಂದು ಚಡ್ಡಿಯಲ್ಲಿ. ಹಳೆಯ ಒಲಿಂಪಿಕ್ಸ್ ಫೋಟೊಗಳಲ್ಲೂ ತುಂಡು ಚಡ್ಡಿಯೇ. ಈಗ ಟಿವಿಯಲ್ಲಿ ಎಲ್ಲರಿಗೂ ಮೊಣಕಾಲಿನವರೆಗೆ ಬಿಗಿ ಚಡ್ಡಿ. ಈಜು ಕಲಿಯುವ ಮಗನಿಗೂ ಅದೇ ಬೇಕಂತೆ. ಗಿಡ್ಡದ್ದು ಉದ್ದ ಆದದ್ದು ಯಾಕೆ?
– ಓದುಗರು, ಬ್ಯಾಡಗಿ

ಉತ್ತರ: ಅದು ಇನ್ನೂ ಉದ್ದವಿತ್ತು. ಮೊಣಕಾಲಿಗೆ ನಿಲ್ಲಿಸಿದ್ದು ನಿಯಮ.

ನೂರು ವರ್ಷದ ಹಿಂದೆ ಗಂಡಸರೂ ಎದೆ ಮುಚ್ಚುವ ಉಣ್ಣೆಯ ಉಡುಪಿನಲ್ಲಿ ಸ್ಪರ್ಧೆಗಿಳಿಯುತ್ತಿದ್ದರು. ಉಣ್ಣೆ ನೀರು ಕುಡಿದು ಜೋತುಬೀಳುತ್ತದೆ. ಅಂಗಿ ತೊಟ್ಟು ತುಂಗಭದ್ರೆಗೆ ಬಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಹಿರಿಯರ ಲಂಗೋಟಿಯೇ ವಾಸಿ. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಎದೆಯ ಬಟ್ಟೆ ಹೋಯಿತು, 1956ರ ಮೆಲ್ಬರ್ನ್ ಹೊತ್ತಿಗೆ ನೈಲಾನ್ ಬಂತು. 1972ರಲ್ಲಿ ಮಾರ್ಕ್ ಸ್ಪಿಟ್ಜ್ ಏಳು ಚಿನ್ನ ಗೆದ್ದದ್ದು ನೀವು ಹೇಳುವ ತುಂಡು ಚಡ್ಡಿಯಲ್ಲೇ.

ಬಟ್ಟೆ ಕಡಿಮೆ ಇದ್ದಷ್ಟೂ ವೇಗ ಎಂಬ ಆ ಲೆಕ್ಕ 2000ದ ಹೊತ್ತಿಗೆ ತಿರುವುಮುರುವಾಯಿತು. ಚರ್ಮಕ್ಕಿಂತ ಚೆನ್ನಾಗಿ ನೀರಿನಲ್ಲಿ ಜಾರುವ ಬಟ್ಟೆ ಸಿಕ್ಕರೆ ಮೈತುಂಬ ತೊಡುವುದೇ ಲಾಭವಲ್ಲವೇ? ಆ ವರ್ಷದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜುಗಾರ ಇಯಾನ್ ಥೋರ್ಪ್ ಕಣಕಾಲಿನವರೆಗೆ ಕಪ್ಪು ಉಡುಪಿನಲ್ಲಿ ಇಳಿದರು. 2008ರಲ್ಲಿ ಸ್ಪೀಡೊ ಕಂಪನಿಯ ಎಲ್‌ಝಡ್‌ಆರ್ ರೇಸರ್ ಬಂತು: ದಾರದ ಹೊಲಿಗೆಯಿಲ್ಲ, ಶ್ರವಣಾತೀತ ತರಂಗದಿಂದ ಬೆಸೆದ ಅಂಚು, ಅಲ್ಲಲ್ಲಿ ಪಾಲಿಯುರೆಥೇನ್ ಪಟ್ಟಿ. ಹೊಟ್ಟೆ, ತೊಡೆಗಳನ್ನು ಹಿಂಡಿ ಹಿಡಿಯುತ್ತಿತ್ತು. ತೊಡುವುದಕ್ಕೇ ಇಪ್ಪತ್ತು ನಿಮಿಷ, ಅವಸರ ಮಾಡಿದರೆ ಪರ್ ಅಂತ ಹರಿಯುವ ಭಯ ಬೇರೆ. ಮರುವರ್ಷ ಪೂರ್ತಿ ಪಾಲಿಯುರೆಥೇನ್‌ನದೇ ಬಂದು ಮೈಯನ್ನು ತೇಲಿಸತೊಡಗಿತು. ರೋಮ್ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲೇ 43 ವಿಶ್ವದಾಖಲೆ. ಗೆದ್ದದ್ದು ತೋಳೋ ಬಟ್ಟೆಯೋ ಎಂಬ ಜಗಳ ಹತ್ತಿತು.

2010ರ ಜನವರಿ 1ರಿಂದ ಅಂತರರಾಷ್ಟ್ರೀಯ ಈಜು ಒಕ್ಕೂಟ ಫಿನಾ ಕಡಿವಾಣ ಹಾಕಿತು. ಗಂಡಸರ ಉಡುಪು ಹೊಕ್ಕುಳು ದಾಟಬಾರದು, ಮೊಣಕಾಲು ದಾಟಬಾರದು, ಜಿಪ್ ಇರಬಾರದು, ಬರೀ ಬಟ್ಟೆಯದಾಗಿರಬೇಕು. ಅದೇ ಇಂದಿನ ಜಾಮರ್. ಒಳ್ಳೆಯ ನಿಯಮ, ಆದರೆ ಹಳೆಯ ದಾಖಲೆಗಳನ್ನು ಹಾಗೇ ಬಿಟ್ಟದ್ದು ನನಗೆ ಸರಿ ಕಾಣುವುದಿಲ್ಲ. ರೋಮ್‌ನಲ್ಲಿ ಪಾಲ್ ಬೀಡರ್ಮನ್ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಮಾಡಿದ 3 ನಿಮಿಷ 40.07 ಸೆಕೆಂಡುಗಳ ದಾಖಲೆ ಮುರಿಯಲು 2025 ಬರಬೇಕಾಯಿತು. ಅದೇ ರೋಮ್‌ನಲ್ಲಿ 2021ರಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡುಗಳಲ್ಲಿ ಈಜಿ ಟೋಕಿಯೊ ಒಲಿಂಪಿಕ್ಸ್ ಅರ್ಹತೆ ಗಳಿಸಿದರು. ಹೊಸ ನಿಯಮದ ಕಾಲ, ಸೊಂಟದ ಮೇಲೆ ನೂಲೆಳೆಯೂ ಇಲ್ಲ.

ಮಗನಿಗೆ ದಿನದ ಅಭ್ಯಾಸಕ್ಕೆ ದುಬಾರಿ ರೇಸಿಂಗ್ ಜಾಮರ್ ಬೇಡ. ಕ್ಲೋರಿನ್ ನೀರು ಲೈಕ್ರಾವನ್ನು ತಿಂದುಹಾಕುತ್ತದೆ. ಪಾಲಿಯೆಸ್ಟರ್‌ನದು ಬಾಳಿಕೆ ಬರುತ್ತದೆ. ಈಜಿದ ಮೇಲೆ ಸಾದಾ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಲಿ, ನಿಮ್ಮೂರಿನ ಮೆಣಸಿನಕಾಯಿ ಜೊತೆ ಬಿಸಿಲಿಗೆ ಹಾಕುವುದು ಬೇಡ.